ಮೂಳೆ ಮುರಿಯದಿದ್ದರೂ ಮೂತ್ರಪಿಂಡಕ್ಕೆ ಪೆಟ್ಟಾಗಿರಬಹುದು
(ಗ್ರಾಮೀಣ ದಂಪತಿಗಳಿಗಾಗಿ ಮಾಡಿದ ಉಪನ್ಯಾಸದ ಪಾಠ)



ಕುಟುಂಬ ಕಲ್ಯಾಣ ಎಂದೊಡನೆ ಹೆರಿಗೆಗಳ ನಡುವಣ ಅಂತರ, ಬಾಣಂತಿಯ ಆರೈಕೆ, ಮಗುವಿನ ಲಸಿಕೆ ಇವೇ ತಮ್ಮ ನೆನಪಿಗೆ ಬರುವುದು ಸಹಜ. ಇಂದು ನಾನು ಹೇಳಹೊರಟಿರುವ ವಿಷಯ ಆ ಸಾಲಿಗೆ ಸೇರಿದ್ದಲ್ಲವೆಂದು ಮೊದಲಿಗೆ ತೋರಬಹುದು. ಆದರೆ ಮರದಿಂದ ಬಿದ್ದ ಪತಿಯನ್ನು ಮನೆಗೆ ಕರೆತರುವುದೇ, ಜಿಲ್ಲಾ ಆಸ್ಪತ್ರೆಗೆ ಕರೆದೊಯ್ಯುವುದೇ ಎಂಬುದನ್ನು ಆ ಹೊತ್ತಿನಲ್ಲಿ ನಿರ್ಧರಿಸಬೇಕಾದವರು ಪತ್ನಿ. ಕೊಟ್ಟಿಗೆಯಲ್ಲಿ ಎಮ್ಮೆ ಹಾಯ್ದು ಪತ್ನಿ ನೆಲಕ್ಕುರುಳಿದಾಗ ಹಾಗೆಯೇ ನಿರ್ಧರಿಸಬೇಕಾದವರು ಪತಿ. ವೈದ್ಯರು ರೋಗಿಯನ್ನು ಕಾಣುವುದು ಈ ನಿರ್ಧಾರ ಆದಮೇಲೆಯೇ ಅಲ್ಲವೇ?

ಅಡಕೆಯ ಕೊನೆ ತೆಗೆಯುವಾಗ ಜಾರಿ ಬಿದ್ದವರು, ಎತ್ತಿನ ಕೊಂಬಿನಿಂದ ಅಳ್ಳೆಗೆ ತಿವಿಸಿಕೊಂಡವರು, ಮಗುಚಿದ ಟ್ರ್ಯಾಕ್ಟರಿನಡಿ ಸಿಲುಕಿದವರು, ಮೋಟಾರ್ ಸೈಕಲ್ಲಿನ ಹಿಡಿ ಹೊಟ್ಟೆಗೆ ಅಪ್ಪಳಿಸಿದವರು ನಮ್ಮ ಹಳ್ಳಿಗಳಲ್ಲಿ ವಿರಳವಲ್ಲ. ಇವರಲ್ಲಿ ಅನೇಕರು ಹತ್ತಿರದ ಪೇಟೆಗೆ ಹೋಗಿ ಒಂದು ಎಕ್ಸ್-ರೇ ತೆಗೆಸುತ್ತಾರೆ. ‘ಮೂಳೆ ಮುರಿದಿಲ್ಲ’ ಎಂಬ ಮಾತು ಕೇಳಿದೊಡನೆ ಮನೆಮಂದಿಗೆಲ್ಲ ಸಮಾಧಾನವಾಗುತ್ತದೆ. ಬಂದ ಬಸ್ಸಿನಲ್ಲೇ ಹಿಂದಿರುಗುತ್ತಾರೆ. ಆ ಮಾತು ಸುಳ್ಳಲ್ಲ. ಆದರೆ ಮೂಳೆ ಮುರಿದಿಲ್ಲ ಎಂದರೆ ಒಳಗೆ ಪೆಟ್ಟಾಗಿಲ್ಲ ಎಂದು ಅರ್ಥವಲ್ಲ. ಇವೆರಡರ ನಡುವಣ ಅಂತರವನ್ನು ತಿಳಿಯಲು ಕ್ಷ-ಕಿರಣವೆಂಬುದು ಏನನ್ನು ಕಾಣುತ್ತದೆ, ಏನನ್ನು ಕಾಣುವುದಿಲ್ಲ ಎಂಬುದನ್ನು ನೋಡಬೇಕು.

1895ರ ನವೆಂಬರ್ 8ರಂದು ಜರ್ಮನಿಯ ವಿಲ್ಹೆಲ್ಮ್ ರಾಂಟ್‌ಜೆನ್ ಎಂಬ ಪ್ರಾಧ್ಯಾಪಕರು ಈ ಕಿರಣವನ್ನು ಕಂಡುಹಿಡಿದರು. ಅದೇ ಡಿಸೆಂಬರ್ 22ರಂದು ಅವರು ತಮ್ಮ ಪತ್ನಿ ಆನಾ ಬರ್ತಾ ಅವರ ಕೈಯನ್ನು ಒಂದು ಫಲಕದ ಮೇಲಿರಿಸಿ ಚಿತ್ರ ತೆಗೆದರು. ಆ ಚಿತ್ರವನ್ನು ಇಂದಿಗೂ ಪುಸ್ತಕಗಳಲ್ಲಿ ಕಾಣಬಹುದು. ಅದರಲ್ಲಿ ಬೆರಳುಗಳ ಮೂಳೆ ಸ್ಪಷ್ಟವಾಗಿದೆ, ಬೆರಳಿನ ಉಂಗುರ ಇನ್ನೂ ಸ್ಪಷ್ಟವಾಗಿದೆ. ಆದರೆ ಆ ಕೈಯ ಮಾಂಸ, ನರ, ರಕ್ತ ಎಲ್ಲವೂ ಸೇರಿ ಮಂಜಿನಂತೆ ಮಸುಕಾಗಿವೆ. ಸಾಧಾರಣ ಎಕ್ಸ್-ರೇ ಚಿತ್ರದ ಗುಣವೂ ದೋಷವೂ ಆ ಮೊದಲ ಚಿತ್ರದಲ್ಲಿಯೇ ಇವೆ. ಮೂಳೆಯಲ್ಲಿರುವ ಸುಣ್ಣದ ಅಂಶವು ಕಿರಣವನ್ನು ಹೆಚ್ಚಾಗಿ ತಡೆಯುತ್ತದೆ. ಆದ್ದರಿಂದ ಅದರ ನೆರಳು ಬೀಳುತ್ತದೆ. ಮೃದುವಾದ ಅಂಗಗಳಾದರೋ ಬಹುಪಾಲು ನೀರಿನಿಂದಾದವು. ಪಿತ್ತಜನಕಾಂಗ, ಮೂತ್ರಪಿಂಡ, ಕರುಳು, ಸೋರಿದ ರಕ್ತ ಇವೆಲ್ಲವೂ ಕಿರಣವನ್ನು ಹೆಚ್ಚುಕಡಿಮೆ ಒಂದೇ ಸಮನಾಗಿ ತಡೆಯುವುದರಿಂದ ಒಂದರಿಂದ ಮತ್ತೊಂದು ಬೇರೆಯಾಗಿ ತೋರುವುದಿಲ್ಲ.

ಮೂತ್ರಪಿಂಡಗಳು ಎರಡು. ಬೆನ್ನುಮೂಳೆಯ ಇಕ್ಕೆಲಗಳಲ್ಲಿ, ಕೊನೆಯ ಪಕ್ಕೆಲುಬುಗಳ ಆಶ್ರಯದಲ್ಲಿ, ಹೊಟ್ಟೆಯ ಹಿಂಭಾಗದಲ್ಲಿ ಇವೆ. ಒಂದೊಂದೂ ಸುಮಾರು 10ರಿಂದ 12 ಸೆಂಟಿಮೀಟರ್ ಉದ್ದ. ಹುರುಳಿಕಾಯಿಯ ಬೀಜದ ಆಕಾರ. ಸುತ್ತಲೂ ಕೊಬ್ಬಿನ ಮೆತ್ತೆ, ಮೈಮೇಲೆ ತೆಳುವಾದ ಪೊರೆ. ಪ್ರಕೃತಿಯು ಇಷ್ಟು ಜತನದಿಂದ ಇವನ್ನು ಇರಿಸಿರುವುದಕ್ಕೆ ಕಾರಣವಿದೆ. ಎರಡೂ ಸೇರಿ ನಿಮಿಷಕ್ಕೆ ಒಂದು ಲೀಟರಿಗಿಂತ ಹೆಚ್ಚು ರಕ್ತವನ್ನು ತಮ್ಮ ಮೂಲಕ ಹರಿಯಗೊಡುತ್ತವೆ. ವಯಸ್ಕರ ದೇಹದಲ್ಲಿರುವ ರಕ್ತ ಸುಮಾರು ಐದು ಲೀಟರ್. ಹಾಗೆಂದಮೇಲೆ, ಇಂಥ ಅಂಗವು ಸೀಳಿದರೆ ರಕ್ತ ಎಷ್ಟು ಬೇಗ ಸೋರಬಹುದೆಂಬುದನ್ನು ತಾವೇ ಊಹಿಸಬಹುದು. ಮಕ್ಕಳಲ್ಲಿ ಅಪಾಯ ಇನ್ನೂ ಹೆಚ್ಚು. ಅವರ ದೇಹಕ್ಕೆ ಹೋಲಿಸಿದರೆ ಮೂತ್ರಪಿಂಡ ದೊಡ್ಡದು, ಕೊಬ್ಬಿನ ಮೆತ್ತೆ ತೆಳು, ಪಕ್ಕೆಲುಬು ಬಳುಕುವಂಥದು. ಎಲುಬು ಬಳುಕಿ ಹಾಗೆಯೇ ಉಳಿದು, ಒಳಗಿನ ಪಿಂಡ ಮಾತ್ರ ಸೀಳಿರುವುದುಂಟು.

ಈ ಮೃದುವಾದ ಅಂಗವನ್ನು ಕ್ಷ-ಕಿರಣಕ್ಕೆ ಕಾಣುವಂತೆ ಮಾಡುವುದು ಹೇಗೆ? ಮೊದಲ ಉಪಾಯ 1929ರಲ್ಲಿ ದೊರೆಯಿತು. ಜರ್ಮನಿಯಲ್ಲಿ ಕೆಲಸ ಮಾಡುತ್ತಿದ್ದ ಮೋಸೆಸ್ ಸ್ವಿಕ್ ಎಂಬ ಅಮೆರಿಕದ ತರುಣ ವೈದ್ಯರು, ಅಯೊಡೀನ್ ಸೇರಿದ ಒಂದು ಔಷಧಿಯನ್ನು ರಕ್ತನಾಳಕ್ಕೆ ಚುಚ್ಚಿದರೆ ಮೂತ್ರಪಿಂಡಗಳು ತಾವಾಗಿಯೇ ಅದನ್ನು ಸೋಸಿ ಮೂತ್ರಕ್ಕೆ ಇಳಿಸುತ್ತವೆಂದೂ, ಅಯೊಡೀನು ಕಿರಣವನ್ನು ತಡೆಯುವುದರಿಂದ ಮೂತ್ರದ ಹಾದಿಯೆಲ್ಲ ಚಿತ್ರದಲ್ಲಿ ಬೆಳ್ಳಗೆ ಮೂಡುತ್ತದೆಂದೂ ತೋರಿಸಿದರು. ಆಸ್ಪತ್ರೆಗಳಲ್ಲಿ ಇದನ್ನೇ ‘ಡೈ’ ಎನ್ನುತ್ತಾರೆ. ಡೈ ಎಂದರೆ ಬಣ್ಣವಾದರೂ ಇದು ಬಟ್ಟೆಗೆ ಹಾಕುವ ಬಣ್ಣದಂಥದಲ್ಲ, ನೀರಿನಂತೆ ತಿಳಿಯಾದುದು.

ಎರಡನೆಯ ಉಪಾಯವು ಇಂಗ್ಲೆಂಡಿನ ಗಾಡ್‌ಫ್ರೆ ಹೌನ್ಸ್‌ಫೀಲ್ಡ್ ಎಂಬ ಇಂಜಿನಿಯರರದು. ಸಾಧಾರಣ ಎಕ್ಸ್-ರೇಯಲ್ಲಿ ಮುಂದಿನ ಅಂಗ, ಹಿಂದಿನ ಅಂಗ ಎಲ್ಲದರ ನೆರಳೂ ಒಂದರ ಮೇಲೊಂದು ಬೀಳುತ್ತವೆ. ಹೌನ್ಸ್‌ಫೀಲ್ಡರು ಕಿರಣವನ್ನು ದೇಹದ ಸುತ್ತ ತಿರುಗಿಸಿ, ನಾನಾ ಕೋನಗಳಿಂದ ಅಳೆದು, ಗಣಕಯಂತ್ರದಿಂದ ಲೆಕ್ಕ ಮಾಡಿಸಿ, ಬಾಳೆದಿಂಡನ್ನು ಬಿಲ್ಲೆ ಬಿಲ್ಲೆಯಾಗಿ ಹೆಚ್ಚಿ ನೋಡಿದಂತೆ ದೇಹದ ಒಂದೊಂದು ಅಡ್ಡಸೀಳನ್ನೂ ತೋರಿಸುವ ಯಂತ್ರವನ್ನು ನಿರ್ಮಿಸಿದರು. 1971ರ ಅಕ್ಟೋಬರ್ 1ರಂದು ಲಂಡನ್ನಿನ ಒಂದು ಆಸ್ಪತ್ರೆಯಲ್ಲಿ ಮೊದಲ ರೋಗಿಯ ತಲೆಯ ಚಿತ್ರವನ್ನು ಇದರಿಂದ ತೆಗೆಯಲಾಯಿತು. 1979ರಲ್ಲಿ ಅವರಿಗೆ ಅಲನ್ ಕಾರ್ಮ್ಯಾಕ್ ಅವರೊಡನೆ ನೊಬೆಲ್ ಪಾರಿತೋಷಕ ಬಂದಿತು. ಇದೇ ಸಿ.ಟಿ. ಸ್ಕ್ಯಾನ್. ಇದರ ಅಳತೆಯಲ್ಲಿ ನೀರಿಗೆ 0, ಗಾಳಿಗೆ ಸೊನ್ನೆಗಿಂತ 1000 ಕಡಿಮೆ, ಮೂತ್ರಪಿಂಡಕ್ಕೆ ಸುಮಾರು 30, ಹೊಸದಾಗಿ ಹೆಪ್ಪುಗಟ್ಟಿದ ರಕ್ತಕ್ಕೆ 50ರ ಮೇಲೆ. ಮೂವತ್ತಕ್ಕೂ ಐವತ್ತಕ್ಕೂ ಇರುವ ಈ ಸಣ್ಣ ಭೇದವನ್ನು ಸಾಧಾರಣ ಎಕ್ಸ್-ರೇ ಗುರುತಿಸಲಾರದು, ಸಿ.ಟಿ. ಯಂತ್ರ ಗುರುತಿಸುತ್ತದೆ.

ಈಗ ಎರಡು ಉಪಾಯಗಳನ್ನೂ ಕೂಡಿಸಿ ನೋಡಿ. ರೋಗಿಯನ್ನು ಯಂತ್ರದ ಹಲಗೆಯ ಮೇಲೆ ಮಲಗಿಸಿ, ತೋಳಿನ ರಕ್ತನಾಳಕ್ಕೆ ಡೈ ಕೊಡುತ್ತಾರೆ. ಆಗ ಮೈಯೊಳಗೆ ಬಿಸಿ ಹರಿದಂತೆ ತೋರುತ್ತದೆ, ಮೂತ್ರ ಹೋಯಿತೇನೋ ಎಂಬ ಭ್ರಮೆಯೂ ಆಗಬಹುದು. ಗಾಬರಿಪಡಬೇಕಾಗಿಲ್ಲ, ಕ್ಷಣದಲ್ಲಿ ಇಳಿಯುತ್ತದೆ. ಅರ್ಧ ನಿಮಿಷದೊಳಗೆ ಡೈ ಮೂತ್ರಪಿಂಡದ ಧಮನಿಯನ್ನು ಸೇರಿ, ಪಿಂಡದ ಹೊರಪದರ ಬೆಳಗುತ್ತದೆ. ಒಂದೂವರೆ ನಿಮಿಷದ ಹೊತ್ತಿಗೆ ಇಡೀ ಪಿಂಡ ಒಂದೇ ಸಮನಾಗಿ ಬೆಳಗಬೇಕು. ಎಲ್ಲಿ ಸೀಳಿದೆಯೋ ಅಲ್ಲಿ ಕಪ್ಪು ಗೀರು ಕಾಣುತ್ತದೆ. ಯಾವ ಭಾಗದ ರಕ್ತನಾಳ ತುಂಡಾಗಿದೆಯೋ ಆ ಭಾಗವೆಲ್ಲ ಕಪ್ಪಾಗಿ ಉಳಿಯುತ್ತದೆ. ರಕ್ತ ಇನ್ನೂ ಸೋರುತ್ತಿದ್ದರೆ ಡೈ ಸೇರಿದ ರಕ್ತವು ನಾಳದ ಹೊರಗೆ ಬಿಳಿಯ ಮಚ್ಚೆಯಾಗಿ ಹರಡುವುದು ಕಾಣುತ್ತದೆ. ಹತ್ತು ನಿಮಿಷಗಳ ಮೇಲೆ ಮತ್ತೊಮ್ಮೆ ಚಿತ್ರ ತೆಗೆಯುವುದೂ ಉಂಟು. ಅಷ್ಟರಲ್ಲಿ ಡೈ ಮೂತ್ರಕ್ಕೆ ಇಳಿದಿರುತ್ತದೆ. ಮೂತ್ರದ ಚೀಲವಾಗಲಿ ನಾಳವಾಗಲಿ ಒಡೆದಿದ್ದರೆ ಅದು ಹೊರಗೆ ಚೆಲ್ಲಿರುವುದು ತಿಳಿಯುತ್ತದೆ. ‘ಒಂದು ಸಲ ತೆಗೆದರಲ್ಲ, ಮತ್ತೆ ಏಕೆ ಮಲಗಿಸುತ್ತಾರೆ?’ ಎಂದು ಜೊತೆಗೆ ಬಂದವರು ಬೇಸರಪಡುವುದನ್ನು ಕಂಡಿದ್ದೇನೆ. ಕಾರಣ ಇದು.

ಹೀಗೆ ಕಂಡ ಗಾಯವನ್ನು ವೈದ್ಯರು 1ರಿಂದ 5ರವರೆಗೆ ದರ್ಜೆಗಳಾಗಿ ವಿಂಗಡಿಸುತ್ತಾರೆ. ಒಂದನೆಯದು ಬರಿಯ ಜಜ್ಜು, ಅಥವಾ ಪೊರೆಯ ಅಡಿಯಲ್ಲಿ ಕಟ್ಟಿಕೊಂಡ ರಕ್ತ. ಸೀಳು ಒಂದು ಸೆಂಟಿಮೀಟರಿನೊಳಗಿದ್ದರೆ ಎರಡನೆಯದು. ಅದಕ್ಕಿಂತ ಆಳವಾದರೆ ಮೂರನೆಯದು. ಮೂತ್ರ ಸೋರಿದರೆ ನಾಲ್ಕನೆಯದು. ಪಿಂಡವು ಚೂರಾಗಿದ್ದರೆ ಅಥವಾ ಅದರ ಮುಖ್ಯ ರಕ್ತನಾಳವೇ ಹರಿದಿದ್ದರೆ ಐದನೆಯದು. ತಾವು ಈ ಸಂಖ್ಯೆಗಳನ್ನು ಕಂಠಪಾಠ ಮಾಡಬೇಕಾಗಿಲ್ಲ. ತಿಳಿಯಬೇಕಾದುದು ಇಷ್ಟು: ಹಿಂದೆ ಹೊಟ್ಟೆಯನ್ನು ಕೊಯ್ದು ನೋಡಿದ ಹೊರತು ಗಾಯದ ಆಳ ತಿಳಿಯುತ್ತಿರಲಿಲ್ಲ, ಕೊಯ್ದಮೇಲೆ ಪಿಂಡವನ್ನೇ ತೆಗೆದುಹಾಕಬೇಕಾದ ಸಂದರ್ಭಗಳೂ ಬರುತ್ತಿದ್ದುವು. ಈಗ ಚಿತ್ರದಲ್ಲಿಯೇ ಆಳ ತಿಳಿಯುವುದರಿಂದ, ಮೂತ್ರಪಿಂಡದ ಗಾಯಗಳಲ್ಲಿ ಹೆಚ್ಚಿನವು ಕತ್ತರಿಯ ಸೋಂಕಿಲ್ಲದೆ, ಹಾಸಿಗೆಯ ವಿಶ್ರಾಂತಿ ಮತ್ತು ಎಚ್ಚರದ ಕಾವಲಿನಿಂದ ವಾಸಿಯಾಗುತ್ತವೆ. ಸುತ್ತಲ ಪೊರೆ ಮತ್ತು ಕೊಬ್ಬಿನ ಮೆತ್ತೆಗಳೇ ರಕ್ತವನ್ನು ಒತ್ತಿಹಿಡಿದು ನಿಲ್ಲಿಸುವುದೂ ಉಂಟು. ‘ಸ್ಕ್ಯಾನ್ ಮಾಡಿಸಿದರೆ ಆಪರೇಷನ್ ಎನ್ನುತ್ತಾರೆ’ ಎಂಬ ಭಯದಿಂದ ದೂರ ಉಳಿಯುವವರು ಇದನ್ನು ಗಮನಿಸಬೇಕು. ಆಪರೇಷನ್ ತಪ್ಪುವುದು ಬಹಳ ಸಲ ಸ್ಕ್ಯಾನ್ ಮಾಡಿಸಿದ್ದರಿಂದಲೇ.

ಹಾಗಾದರೆ ಬಿದ್ದವರನ್ನೆಲ್ಲ ಸಿ.ಟಿ. ಯಂತ್ರಕ್ಕೆ ಒಯ್ಯಬೇಕೆ? ಬೇಡ. ಅಂಗಳದಲ್ಲಿ ಜಾರಿ ಬಿದ್ದು ಸೊಂಟ ಉಳುಕಿದರೆ ಅದು ಬೇಕಾಗಿಲ್ಲ. ಮೂತ್ರವು ಕೆಂಪಾಗಿ ಅಥವಾ ಚಹಾ ಕಷಾಯದ ಬಣ್ಣದಲ್ಲಿ ಹೋದರೆ, ಅಳ್ಳೆ ನೀಲಿಗಟ್ಟಿದರೆ, ಪಕ್ಕೆಯ ಕೆಳಗೆ ನೋವು ಏರುತ್ತ ಹೋದರೆ, ಹೊಟ್ಟೆ ಬಿಗಿದರೆ, ಮೈ ತಣ್ಣಗೆ ಬೆವರಿ ತಲೆಸುತ್ತು ಬಂದರೆ ತಡಮಾಡಬಾರದು. ಎತ್ತರದಿಂದ ಬಿದ್ದವರಿಗೂ ವಾಹನದ ಅಡಿಯಲ್ಲಿ ಸಿಲುಕಿದವರಿಗೂ ಈ ಲಕ್ಷಣಗಳಿಲ್ಲದಿದ್ದರೂ ಪರೀಕ್ಷೆ ಅಗತ್ಯ. ಇಲ್ಲಿ ಒಂದು ಮಾತನ್ನು ಒತ್ತಿ ಹೇಳಬೇಕಾಗಿದೆ. ಮೂತ್ರ ತಿಳಿಯಾಗಿದೆಯೆಂದು ನಿಶ್ಚಿಂತರಾಗಬೇಡಿ. ರಕ್ತನಾಳವೇ ಹರಿದ ಭಾರಿ ಗಾಯದಲ್ಲಿ ಮೂತ್ರಕ್ಕೆ ರಕ್ತ ಬಾರದೆ ಇರಬಹುದು. ಅಲ್ಪ ಜಜ್ಜಿನಲ್ಲಿ ಮೂತ್ರವೆಲ್ಲ ಕೆಂಪಾಗಬಹುದು. ಬಣ್ಣವು ಗಾಯದ ಅಳತೆಗೋಲಲ್ಲ. ಅದೇ ರೀತಿ, ಶಬ್ದತರಂಗದಿಂದ ನೋಡುವ ಅಲ್ಟ್ರಾಸೌಂಡ್ ಪರೀಕ್ಷೆಯು ಹೊಟ್ಟೆಯೊಳಗೆ ರಕ್ತ ಸೋರಿ ನಿಂತಿದೆಯೇ ಎಂಬುದನ್ನು ಬೇಗ ತಿಳಿಸುತ್ತದೆಯಾದರೂ ಮೂತ್ರಪಿಂಡದ ಸೀಳನ್ನು ತಪ್ಪಿಸಿಬಿಡುವುದುಂಟು. ಅದು ಸರಿಯಿದೆಯೆಂದು ಬಂದರೂ ಮೇಲಿನ ಲಕ್ಷಣಗಳು ಉಳಿದಿದ್ದರೆ ವೈದ್ಯರನ್ನು ಮತ್ತೆ ಕೇಳಿ.

ಆಸ್ಪತ್ರೆಗೆ ಹೊರಡುವ ಮುನ್ನ ಮಾಡಬಾರದ ಕೆಲವು ಕೆಲಸಗಳಿವೆ. ಎಣ್ಣೆ ಹಚ್ಚಿ ಅಳ್ಳೆಯನ್ನು ನೀವಬೇಡಿ. ನಿಂತ ರಕ್ತ ಮತ್ತೆ ಹರಿಯಲು ಅದಿಷ್ಟೇ ಸಾಕು. ಅಂಗಡಿಯಲ್ಲಿ ಸಿಗುವ ನೋವಿನ ಮಾತ್ರೆಯನ್ನು ಕೊಡಬೇಡಿ. ಅವುಗಳಲ್ಲಿ ಹಲವು ಮೂತ್ರಪಿಂಡಕ್ಕೆ ಹಾನಿಕರ. ಆಪರೇಷನ್ ಬೇಕಾದೀತೆಂಬ ಕಾರಣದಿಂದ ಊಟ, ಕಾಫಿ ಬೇಡ. ಮರದಿಂದ ಬಿದ್ದವರ ಬೆನ್ನುಮೂಳೆಗೂ ಪೆಟ್ಟಾಗಿರಬಹುದಾದ್ದರಿಂದ ಕೈಕಾಲು ಹಿಡಿದು ಎತ್ತದೆ, ಮೂರು ನಾಲ್ಕು ಮಂದಿ ಸೇರಿ ಹಲಗೆಯ ಮೇಲೆ ಸಮನಾಗಿ ಮಲಗಿಸಬೇಕು. 108ಕ್ಕೆ ಫೋನು ಮಾಡಿ, ಆದದ್ದನ್ನು ಒಂದೆರಡು ವಾಕ್ಯದಲ್ಲಿ ಹೇಳಿ.

ಈಗ ಬಹುಮಂದಿ ದಂಪತಿಗಳು ಕೇಳಲು ಸಂಕೋಚಪಡುವ ಪ್ರಶ್ನೆಗಳಿಗೆ ಬರುತ್ತೇನೆ.

ಸಿ.ಟಿ. ಸ್ಕ್ಯಾನಿನಲ್ಲಿ ಸಾಧಾರಣ ಎಕ್ಸ್-ರೇಗಿಂತ ಹೆಚ್ಚು ಕಿರಣ ತಗಲುವುದು ನಿಜ. ಕಿರಣವನ್ನು ಅಳೆಯುವ ಮಾನಕ್ಕೆ ಮಿಲಿಸೀವರ್ಟ್ ಎನ್ನುತ್ತಾರೆ. ಎದೆಯ ಒಂದು ಎಕ್ಸ್-ರೇಗೆ ಸುಮಾರು 0.1 ಅಥವಾ ಅದಕ್ಕೂ ಕಡಿಮೆ; ಹೊಟ್ಟೆಯ ಒಂದು ಸಿ.ಟಿ.ಗೆ ಸುಮಾರು 10. ನೆಲ, ಕಲ್ಲು, ಆಕಾಶಗಳಿಂದ ಪ್ರತಿ ಮನುಷ್ಯನಿಗೂ ವರ್ಷಕ್ಕೆ ಸರಾಸರಿ 2.4ರಷ್ಟು ಸಹಜವಾಗಿಯೇ ತಗಲುತ್ತದೆ. ಆದ್ದರಿಂದ ಅನಾವಶ್ಯಕವಾಗಿ ತೆಗೆಸಬಾರದು. ಅವಶ್ಯವಿದ್ದಾಗ ಹೆದರಿ ಬಿಡಬಾರದು. ಇದರಿಂದ ಗಂಡಸುತನ ಹೋಗುತ್ತದೆ, ಮಕ್ಕಳಾಗುವುದಿಲ್ಲ ಎಂಬ ಮಾತಿಗೆ ಆಧಾರವಿಲ್ಲ. ರೋಗಪರೀಕ್ಷೆಗೆ ಬಳಸುವ ಪ್ರಮಾಣದ ಕಿರಣವು ಬಂಜೆತನವನ್ನು ತರುವುದಿಲ್ಲ.

ಸಹೋದರಿಯರಿಗೆ ಒಂದು ವಿಶೇಷ ಸೂಚನೆ. ಮುಟ್ಟು ತಡವಾಗಿದ್ದರೆ, ಗರ್ಭದ ಅನುಮಾನವಿದ್ದರೆ, ಯಂತ್ರದ ಕೋಣೆಗೆ ಹೋಗುವ ಮೊದಲೇ ಹೇಳಿಬಿಡಿ. ಅತ್ತೆ ಮಾವಂದಿರ ಮುಂದೆ ಹೇಳಲು ನಾಚಿಕೆಯಾದರೆ ದಾದಿಯನ್ನು ಪಕ್ಕಕ್ಕೆ ಕರೆದು ಹೇಳಿ. ಆಗ ವೈದ್ಯರು ಕಿರಣವಿಲ್ಲದ ಅಲ್ಟ್ರಾಸೌಂಡಿನಿಂದ ಆರಂಭಿಸುತ್ತಾರೆ. (ಆ ಯಂತ್ರದಲ್ಲಿ ‘ಗಂಡೋ ಹೆಣ್ಣೋ’ ಎಂದು ಕೇಳುವುದೂ ಹೇಳುವುದೂ 1994ರ ಕಾಯಿದೆಯಂತೆ ಅಪರಾಧವೆಂಬುದನ್ನು ಇಲ್ಲಿಯೇ ನೆನಪಿಸುತ್ತೇನೆ.) ತಾಯಿಯ ಪ್ರಾಣಕ್ಕೆ ಅಪಾಯವಿರುವಾಗ ಗರ್ಭಿಣಿಗೂ ಸಿ.ಟಿ. ಮಾಡಬೇಕಾಗಬಹುದು, ತಾಯಿ ಉಳಿದರಲ್ಲವೇ ಮಗು ಉಳಿಯುವುದು! ಇನ್ನು ಗರ್ಭವಿದ್ದುದು ತಿಳಿಯದೆ ಸ್ಕ್ಯಾನ್ ಆಗಿಹೋಗಿ, ಆಮೇಲೆ ಗೊತ್ತಾದರೆ? ‘ಮಗು ಅಂಗವಿಕಲವಾಗಿ ಹುಟ್ಟುತ್ತದೆ, ತೆಗೆಸಿಬಿಡಿ’ ಎಂದು ನೆರೆಹೊರೆಯವರು ಹೇಳುವುದುಂಟು. ಆ ಮಾತಿಗೆ ಕಿವಿಗೊಡಬೇಡಿ. ಹೊಟ್ಟೆಯ ಒಂದು ಸಿ.ಟಿ.ಯಿಂದ ಗರ್ಭಕ್ಕೆ ತಗಲುವ ಕಿರಣ ಸಾಮಾನ್ಯವಾಗಿ ಅಂಗವೈಕಲ್ಯ ಉಂಟುಮಾಡುವ ಮಟ್ಟಕ್ಕಿಂತ ಕೆಳಗೇ ಇರುತ್ತದೆ. ಅದೊಂದೇ ಕಾರಣಕ್ಕೆ ಗರ್ಭ ತೆಗೆಸಬೇಕಾಗಿಲ್ಲ. ವೈದ್ಯರಲ್ಲಿ ಲೆಕ್ಕ ಕೇಳಿ, ಧೈರ್ಯವಾಗಿರಿ.

ಎಳೆಗೂಸಿನ ತಾಯಿಗೆ ಡೈ ಕೊಟ್ಟರೆ ಎದೆಹಾಲು ನಿಲ್ಲಿಸಬೇಕಾಗಿಲ್ಲ. ಹಾಲಿಗೆ ಸೇರುವ ಅಂಶ ನೂರರಲ್ಲಿ ಒಂದು ಪಾಲಿಗೂ ಕಡಿಮೆ. ಅದರಲ್ಲಿಯೂ ಮಗುವಿನ ಕರುಳು ಹೀರಿಕೊಳ್ಳುವುದು ಅತ್ಯಲ್ಪ. ಆದರೆ ಮೂತ್ರಪಿಂಡ ಮೊದಲೇ ದುರ್ಬಲವಾಗಿರುವವರಿಗೆ ಡೈ ತೊಂದರೆ ಕೊಡಬಹುದು. ಅವಸರವಿಲ್ಲದ ಸಂದರ್ಭದಲ್ಲಿ ರಕ್ತದ ಕ್ರಿಯಾಟಿನಿನ್ ಪರೀಕ್ಷೆಯನ್ನು ಮೊದಲು ಮಾಡಿಸುವುದು ಅದಕ್ಕಾಗಿ. ಸಕ್ಕರೆ ಕಾಯಿಲೆಗೆ ಮೆಟ್‌ಫಾರ್ಮಿನ್ ಮಾತ್ರೆ ನುಂಗುವವರು, ಉಬ್ಬಸವುಳ್ಳವರು, ಹಿಂದೆ ಡೈನಿಂದ ಮೈಮೇಲೆ ದದ್ದು ಎದ್ದವರು ಅದನ್ನು ಮುಂಚಿತವಾಗಿ ತಿಳಿಸಬೇಕು.

ಗಾಯ ತೀವ್ರವಾಗಿ ಒಂದು ಮೂತ್ರಪಿಂಡವನ್ನು ತೆಗೆಯಲೇಬೇಕಾಗಿ ಬಂದರೆ ಸಂಸಾರವೇ ಮುಗಿಯಿತೆಂದು ತಿಳಿಯುವವರಿದ್ದಾರೆ. ಹಾಗಿಲ್ಲ. ಉಳಿದ ಒಂದು ಆರೋಗ್ಯವಾಗಿದ್ದರೆ ಅದು ಎರಡರ ಕೆಲಸವನ್ನೂ ಬಹುಮಟ್ಟಿಗೆ ವಹಿಸಿಕೊಳ್ಳುತ್ತದೆ. ದುಡಿಮೆ, ದಾಂಪತ್ಯ, ಸಂತಾನ ಯಾವುದಕ್ಕೂ ತಡೆಯಿಲ್ಲ. ಒಂದೇ ಮೂತ್ರಪಿಂಡವುಳ್ಳ ಸ್ತ್ರೀ ಗರ್ಭವತಿಯಾದಾಗ ರಕ್ತದೊತ್ತಡವನ್ನೂ ಮೂತ್ರವನ್ನೂ ಹೆಚ್ಚು ಸಲ ಪರೀಕ್ಷಿಸಬೇಕು, ಅಷ್ಟೆ.

ಮೂತ್ರಪಿಂಡಕ್ಕೆ ಸದ್ದಿಲ್ಲದೆ ಆಗುವ ಇನ್ನೊಂದು ಬಗೆಯ ಹಾನಿಯಿದೆ. ಸಕ್ಕರೆ ಕಾಯಿಲೆ ಮತ್ತು ರಕ್ತದೊತ್ತಡಗಳು ಪಿಂಡದೊಳಗಿನ ಸೂಕ್ಷ್ಮ ಸೋಸುಗಳನ್ನು ವರ್ಷಾನುಗಟ್ಟಲೆ ಕೆಡಿಸುತ್ತ ಬರುತ್ತವೆ. ಒಂದೊಂದು ಪಿಂಡದಲ್ಲೂ ಸುಮಾರು ಹತ್ತು ಲಕ್ಷ ಸೋಸುಗಳಿವೆ. ಒಂದೊಂದರ ಗಾತ್ರ ಮಿಲಿಮೀಟರಿನ ಐದನೆಯ ಒಂದು ಪಾಲು, ಆಸ್ಪತ್ರೆಯ ಸಿ.ಟಿ. ಅವನ್ನು ಕಾಣಲಾರದು. ಈ ಹಾನಿಯನ್ನು ಮೊದಲು ತೋರಿಸುವುದು ಮೂತ್ರದ ಆಲ್ಬುಮಿನ್ ಪರೀಕ್ಷೆ. ಅದಕ್ಕೆ ಸ್ಕ್ಯಾನ್ ಬೇಕಾಗಿಲ್ಲ.

ಆ ಸೋಸುಗಳನ್ನೂ ಕ್ಷ-ಕಿರಣದಿಂದ ಕಾಣುವ ವಿದ್ಯೆ ಈಗ ಬಂದಿದೆ. ಫ್ರಾನ್ಸಿನ ಗ್ರೆನೋಬಲ್ ನಗರದಲ್ಲಿ 844 ಮೀಟರ್ ಸುತ್ತಳತೆಯ ಉಂಗುರಾಕಾರದ ಯಂತ್ರವೊಂದು ಅತಿ ಪ್ರಖರವಾದ ಕ್ಷ-ಕಿರಣವನ್ನು ಹೊರಡಿಸುತ್ತದೆ. ತಿಳಿನೀರು ಬೆಳಕನ್ನು ಅಷ್ಟಾಗಿ ತಡೆಯದು. ಆದರೂ ಬಿಸಿಲಿನಲ್ಲಿ ಹೊಳೆಯ ತಳವನ್ನು ನೋಡಿದರೆ ಅಲೆಗಳಿಂದ ಬಾಗಿದ ಬೆಳಕು ಬಲೆಯಂತೆ ಹೆಣೆದಿರುವುದು ಕಾಣುತ್ತದಲ್ಲವೇ? ಹಾಗೆಯೇ ಮೃದುವಾದ ಅಂಗಾಂಶವು ಕ್ಷ-ಕಿರಣವನ್ನು ತಡೆಯದಿದ್ದರೂ ತುಸು ಬಾಗಿಸುತ್ತದೆ. ಆ ಬಾಗನ್ನು ಅಳೆದು ಚಿತ್ರ ಮಾಡುವುದು ಈ ವಿದ್ಯೆ. 2021ರಲ್ಲಿ ವಿಜ್ಞಾನಿಗಳು ಮೂತ್ರಪಿಂಡವೇ ಮೊದಲಾದ ಮಾನವ ಅಂಗಗಳನ್ನು ಕೊಯ್ಯದೆ, ಇಡಿಯಾಗಿಯೇ ಚಿತ್ರಿಸಿ, ಬೇಕಾದ ಕಡೆ ಜೀವಕೋಶದ ಮಟ್ಟದವರೆಗೂ ಹತ್ತಿರದಿಂದ ತೋರಿಸಿದರು. ಆ ಅಂಗಗಳು ಮರಣಾನಂತರ ದಾನವಾಗಿ ಬಂದವು. ಅಷ್ಟು ಕಿರಣವನ್ನು ಬದುಕಿರುವವರ ಮೇಲೆ ಹಾಯಿಸುವಂತಿಲ್ಲ. ಆದಕಾರಣ ಇದು ನಮ್ಮ ಆಸ್ಪತ್ರೆಗೆ ಬರುವ ಯಂತ್ರವಲ್ಲ. ನಮ್ಮ ವೈದ್ಯರ ಪುಸ್ತಕಕ್ಕೆ ಬರುವ ತಿಳಿವಳಿಕೆ.

ಕಡೆಯದಾಗಿ, ಗಾಯ ವಾಸಿಯಾಗಿ ಮನೆಗೆ ಬಂದವರ ವಿಷಯ. ಮೂತ್ರ ತಿಳಿಯಾದಮೇಲೂ ಕೆಲವು ವಾರ ಮೂಟೆ ಹೊರುವುದು, ನೇಗಿಲು ಹಿಡಿಯುವುದು, ಮರ ಹತ್ತುವುದು ಬೇಡ. ಎಷ್ಟು ವಾರವೆಂಬುದನ್ನು ಗಾಯದ ದರ್ಜೆ ನೋಡಿ ವೈದ್ಯರು ಹೇಳುತ್ತಾರೆ. ಮತ್ತೆ ರಕ್ತ ಕಂಡರೆ, ಜ್ವರ ಬಂದರೆ ಆ ದಿನವೇ ಹಿಂದಿರುಗಿ. ಮಾಯುವ ಮೂತ್ರಪಿಂಡವು ಕೆಲವರಲ್ಲಿ ರಕ್ತದೊತ್ತಡವನ್ನು ಏರಿಸುವುದರಿಂದ, ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಆಗಾಗ ಒತ್ತಡ ಅಳೆಸಿಕೊಳ್ಳಿ. ಸ್ಕ್ಯಾನಿನ ಫಿಲ್ಮು, ವರದಿಗಳನ್ನು ಒಲೆಯ ಮೇಲಿನ ಅಟ್ಟಕ್ಕೆ ಎಸೆಯದೆ, ಮಡಿಸದೆ, ಪಡಿತರ ಚೀಟಿಯ ಜೊತೆ ಪೆಟ್ಟಿಗೆಯಲ್ಲಿಡಿ. ಮುಂದಿನ ಸಲ ಹೊಸ ಚಿತ್ರವನ್ನು ಹೋಲಿಸಿ ನೋಡಲು ವೈದ್ಯರು ಮೊದಲು ಕೇಳುವುದು ಅದನ್ನೇ.